ಓಪನಿಂಗ್ ಡೇ ಯಾವತ್ತು ಅಂತಾನೇ ಗೊತ್ತಿಲ್ದೇ ಪಿಚರ್‌ಗಳನ್ನ ರೆಡಿ ಮಾಡಿದ್ದು: ನನ್ನ ಅನುಭವ

ಮೈಸೂರಲ್ಲಿ ಯಾರಾದ್ರೂ "ನಿಮ್ ಮಗ ಅಮೆರಿಕಾದಲ್ಲಿ ಏನ್ ಮಾಡ್ತಾನೆ" ಅಂತ ಕೇಳಿದ್ರೆ ನಮ್ಮಮ್ಮ "ಬಾಲ್ ಎಣಿಸ್ತಾನೆ" ಅಂತಾಳೆ. ತಮಾಷೆಗೆ ಹೇಳೋದಲ್ಲ, ಅವಳಿಗೆ ಅರ್ಥ ಆಗಿರೋದೇ ಅಷ್ಟು, ಮತ್ತೆ ಸುಳ್ಳೂ ಅಲ್ಲ. ಮೇಜರ್ ಲೀಗ್ ಬೇಸ್‌ಬಾಲ್ ಟೀಮ್ ಒಂದ್ರಲ್ಲಿ ಸ್ಪೋರ್ಟ್ಸ್ ಸೈನ್ಸ್ ಕೆಲ್ಸ ನಂದು, ಪಿಚರ್‌ಗಳು ದಿನಕ್ಕೆ ಎಷ್ಟು ಬಾಲ್ ಎಸೆದ್ರು, ಎಷ್ಟು ಜೋರಾಗಿ ಎಸೆದ್ರು, ನಾಳೆ ಎಸೀಬಹುದಾ ಬೇಡ್ವಾ, ಇದನ್ನ ಲೆಕ್ಕ ಇಟ್ಟು ಕೋಚ್‌ಗೆ ಹೇಳೋದು. ಟೀಮ್ ಹೆಸರು ಹಾಕೋ ಹಾಗಿಲ್ಲ, ಕಾಂಟ್ರಾಕ್ಟ್ ಇದೆ. ಮಿಡ್‌ವೆಸ್ಟ್ ಕಡೆ ಟೀಮು, ಸ್ಪ್ರಿಂಗ್ ಟ್ರೇನಿಂಗ್, ಅಂದ್ರೆ ಸೀಸನ್‌ಗೆ ಮುಂಚಿನ ತಯಾರಿ ಶಿಬಿರ, ಅರಿಜೋನಾದಲ್ಲಿ. ಇಷ್ಟು ಸಾಕು.

2020ರ ಸೀಸನ್‌ಗೆ ನಾವು ಹೇಗೆ ತಯಾರಾದ್ವಿ ಅಂತ ಬರೀರಿ ಅಂತ ಇಬ್ಬರು ಮೂವರು ಕೇಳಿದ್ರು, ಬಹಳ ದಿನದಿಂದ ಮುಂದೂಡ್ತಾ ಇದ್ದೆ. ಯಾಕಂದ್ರೆ ಅದ್ರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ, ಅದನ್ನ ಬಿಟ್ಟು ಬರೆದ್ರೆ ಅರ್ಧ ಸುಳ್ಳಾಗುತ್ತೆ.

ಕ್ರಿಕೆಟ್ ಗೊತ್ತಿರೋರಿಗೆ ಸುಲಭವಾಗಿ ಹೇಳ್ಬೇಕು ಅಂದ್ರೆ ಪಿಚರ್ ಅಂದ್ರೆ ಫಾಸ್ಟ್ ಬೌಲರ್ ಅಂದ್ಕೊಳ್ಳಿ, ಆದ್ರೆ ಓಡಿ ಬರೋ ಹಾಗಿಲ್ಲ, ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತ್ಕೊಂಡೇ 60 ಅಡಿ 6 ಇಂಚು ದೂರಕ್ಕೆ 150 ಕಿಲೋಮೀಟರ್ ಸ್ಪೀಡಲ್ಲಿ ಎಸೀಬೇಕು, ಅದೂ ಮೊಣಕೈ ಮಡಚಿ. ಬೌಲರ್‌ಗೆ ಬೆನ್ನು ಕಾಲು ಹೋಗುತ್ತೆ, ಇವರಿಗೆ ಮೊಣಕೈ ಹೋಗುತ್ತೆ. ಮೊಣಕೈ ಒಳಗಡೆ ಒಂದು ಪುಟ್ಟ ಲಿಗಮೆಂಟ್ ಇದೆ, ಅದು ಹರಿದ್ರೆ ಟಾಮಿ ಜಾನ್ ಸರ್ಜರಿ, ವಾಪಸ್ ಬರೋಕೆ ಒಂದು ವರ್ಷದ ಮೇಲೆ. ಸ್ಟಾರ್ಟರ್ ಅಂದ್ರೆ ಪಂದ್ಯ ಶುರು ಮಾಡೋ ಪಿಚರ್, ಐದು ದಿನಕ್ಕೊಂದು ಸಲ ಬಂದು 90 ರಿಂದ 100 ಬಾಲ್ ಎಸೀತಾನೆ. ರಿಲೀವರ್‌ಗಳು ಆಮೇಲೆ ಬಂದು ಹದಿನೈದು ಇಪ್ಪತ್ತು ಬಾಲ್ ಎಸೆದು ಹೋಗ್ತಾರೆ, ಆದ್ರೆ ನಾಳೆ ಮತ್ತೆ ಬರ್ಬೇಕಾಗ್ಬಹುದು.

ಈ ಕೈಯನ್ನ ಒಂದೇ ಸಲ ತಯಾರು ಮಾಡೋಕಾಗಲ್ಲ. ಮಾಮೂಲಿ ವರ್ಷ ಫೆಬ್ರವರಿ ಮಧ್ಯದಲ್ಲಿ ಎಲ್ರೂ ಬರ್ತಾರೆ, ಸ್ಟಾರ್ಟರ್ ಮೊದಲು 25 ಬಾಲ್, ಐದು ದಿನ ಬಿಟ್ಟು 40, ಆಮೇಲೆ 55, 70, 85, ಹಿಂಗೆ ಏರಿಸ್ತಾ ಆರು ವಾರದಲ್ಲಿ ಸೀಸನ್‌ಗೆ ಸರಿಯಾಗಿ ಹದಕ್ಕೆ ಬರ್ತಾನೆ. ಇಲ್ಲಿ ಗುಟ್ಟು ಏನಂದ್ರೆ ಲೆಕ್ಕ ಶುರುವಾಗೋದು ಕೊನೆಯಿಂದ. ಓಪನಿಂಗ್ ಡೇ, ಅಂದ್ರೆ ಸೀಸನ್ ಶುರುವಾಗೋ ದಿನ, ಯಾವತ್ತು ಅಂತ ಮೊದಲು ಬರ್ಕೋತೀವಿ, ಅಲ್ಲಿಂದ ಐದೈದು ದಿನ ಹಿಂದಕ್ಕೆ ಬರ್ತೀವಿ. ನನ್ನ ಶೀಟಲ್ಲಿ ಮೇಲ್ಗಡೆ ಎಡಗಡೆ ಒಂದು ಡಬ್ಬಿ ಇದೆ, ಅದ್ರಲ್ಲಿ ಆ ದಿನಾಂಕ ಹಾಕಿದ್ರೆ ಉಳಿದಿದ್ದೆಲ್ಲ ತಾನಾಗೇ ತುಂಬ್ಕೊಳ್ಳುತ್ತೆ. 2020ರಲ್ಲಿ ಅಲ್ಲಿ ಮಾರ್ಚ್ 26 ಅಂತ ಇತ್ತು. ಯುಗಾದಿ ಮಾರನೇ ದಿನ, ಅದಕ್ಕೇ ಚೆನ್ನಾಗಿ ನೆನಪಿದೆ.

ಕೊರೋನಾ ಬಂತು, ಮಾರ್ಚ್ 11ಕ್ಕೆ ಬಾಸ್ಕೆಟ್‌ಬಾಲ್‌ನೋರು ನಿಲ್ಲಿಸಿದ್ರು. 12ನೇ ತಾರೀಕು ನಮ್ದೂ ನಿಂತ್ಹೋಯ್ತು. ಮೊದಲು ಹೇಳಿದ್ದು ಕನಿಷ್ಠ ಎರಡು ವಾರ ತಡ ಅಂತ. ನಮ್ ಸ್ಟಾರ್ಟರ್‌ಗಳು ಆಗ 60-65 ಬಾಲ್ ಹತ್ರ ಇದ್ರು. ಎರಡು ವಾರ ಅಲ್ವಾ, ಅಲ್ಲೇ ನಿಲ್ಸಿ ಹಿಡ್ಕೊಂಡಿರೋಣ ಅಂತ ನಾನೂ ಪಿಚಿಂಗ್ ಕೋಚೂ ಮಾತಾಡ್ಕೊಂಡ್ವಿ. ನಾಲ್ಕೇ ದಿನ, 16ನೇ ತಾರೀಕಿಗೆ ಇನ್ನೂ ಮುಂದಕ್ಕೆ ಹೋಯ್ತು, 50 ಜನರ ಮೇಲೆ ಸೇರೋ ಕಾರ್ಯಕ್ರಮ ಎಂಟು ವಾರ ಬೇಡ ಅಂತ ಸರ್ಕಾರದ ಆರೋಗ್ಯ ಇಲಾಖೆಯವರು ಹೇಳಿದ್ರು. ಹುಡುಗ್ರು ಒಬ್ಬೊಬ್ರೇ ಊರಿಗೆ ಹೊರಟ್ರು. ಡೊಮಿನಿಕನ್ ರಿಪಬ್ಲಿಕ್‌ನ ಕೆಲವ್ರು ವಿಮಾನ ನಿಲ್ಲೋಕೆ ಮುಂಚೆ ಹೋಗ್ಬಿಟ್ರು, ವೆನೆಜುವೆಲಾದೋರು ಹೋಗೋಕಾಗ್ದೆ ಅರಿಜೋನಾದಲ್ಲೇ ಉಳ್ಕೊಂಡ್ರು. ನಾನೂ ಹೆಂಡ್ತಿ ಮಗೂನ ಕೂರಿಸ್ಕೊಂಡು ಕಾರಲ್ಲಿ ಹೊರಟೆ, ನ್ಯೂ ಮೆಕ್ಸಿಕೋ, ಟೆಕ್ಸಸ್‌ನ ಮೇಲಿನ ತುದಿ, ಒಕ್ಲಹೋಮ ದಾಟ್ಕೊಂಡು ಮನೆ ಸೇರಿದ್ವಿ. ದಾರೀಲಿ ತಿನ್ನೋಕೆ ಅವಳು ಕಟ್ಕೊಂಡಿದ್ದ ಚಪಾತಿ ಚಟ್ನಿಪುಡಿ. ಹೋಟೆಲ್ ಮುಟ್ಟೋಕೆ ಭಯ.

ಮನೆಗ್ ಬಂದು ಲ್ಯಾಪ್‌ಟಾಪ್ ತೆಗೆದೆ, ಶೀಟಲ್ಲಿ ಆ ಡಬ್ಬಿ ಖಾಲಿ ಮಾಡಿದೆ, ಕೆಳಗಿದ್ದ ಸಾಲೆಲ್ಲ ತಪ್ಪು ತಪ್ಪು ಅಂತ ತೋರಿಸ್ತು. ಹದಿನಾಲ್ಕು ವಾರ ಅದು ಹಂಗೇ ಖಾಲಿ ಇತ್ತು.

ಆಗ ಬಂದ ಪ್ರಶ್ನೆ ಯಾವ ಪುಸ್ತಕದಲ್ಲೂ ಇರ್ಲಿಲ್ಲ. ಕೈ ಪೂರ್ತಿ ಬಿಟ್ರೆ ಮತ್ತೆ ಸೊನ್ನೆಯಿಂದ ಆರು ವಾರ ಬೇಕು, ಅಷ್ಟು ಟೈಮ್ ಕೊಡ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಬಿಡ್ದೆ ಎಸೀತಾನೇ ಇದ್ರೆ ಪಂದ್ಯ ಶುರು ಆಗೋ ಹೊತ್ತಿಗೆ ಕೈ ಸವೆದಿರುತ್ತೆ. ನೆಂಟ್ರು ಯಾವತ್ತು ಬರ್ತಾರೆ ಅಂತ ಹೇಳ್ದೇ ದೋಸೆ ಹಿಟ್ಟು ರುಬ್ಬಿಡು ಅಂದ್ರೆ ಹೆಂಗೆ? ಇವತ್ತು ರುಬ್ಬಿದ್ರೆ ನಾಡಿದ್ದಿಗೆ ಹುಳಿ. ಫೋನಲ್ಲಿ ಅಮ್ಮಂಗೆ ಹಿಂಗೇ ಹೇಳಿದೆ, ಅವಳು "ಅಕ್ಕಿ ನೆನೆಹಾಕಿ ಇಟ್ಕೊಳೋ, ಬರ್ತೀವಿ ಅಂತ ಫೋನ್ ಬಂದ್ಮೇಲೆ ರುಬ್ಬಿದ್ರಾಯ್ತು" ಅಂದ್ಳು. ನಗು ಬಂತು, ಆದ್ರೆ ಕೊನೆಗೆ ನಾವು ಮಾಡಿದ್ದು ಹೆಚ್ಚುಕಮ್ಮಿ ಅದೇ.

ಪಿಚರ್‌ಗಳನ್ನ ಎರಡು ಇನ್ನಿಂಗ್ಸ್ ಮಟ್ಟಕ್ಕೆ ಇಳಿಸಿ ಅಲ್ಲೇ ಇಡೋದು ಅಂತ ತೀರ್ಮಾನ ಆಯ್ತು. ಬೇಸ್‌ಬಾಲಲ್ಲಿ ಒಂದು ಇನ್ನಿಂಗ್ಸ್ ಅಂದ್ರೆ ಒಬ್ಬ ಪಿಚರ್‌ಗೆ ಹದಿನೈದು ಬಾಲ್ ಆಸುಪಾಸು. ವಾರಕ್ಕೆ ಎರಡು ಸಲ 30 ಬಾಲು, ಅದ್ರಲ್ಲಿ ಒಂದು ಸಲ ಜೋರಾಗಿ, ಒಂದು ಸಲ ಹಗುರವಾಗಿ. ಉಳಿದ ದಿನ ಲಾಂಗ್ ಟಾಸ್, ಅಂದ್ರೆ ದೂರ ದೂರಕ್ಕೆ ಎಸೆದು ಕೈ ಸಡಿಲ ಮಾಡ್ಕೊಳ್ಳೋದು. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸೋದು. ಇದು ಹೇಳೋಕೆ ಸುಲಭ, ಆದ್ರೆ ಅವರಿಗೆ ಜಾಗ ಎಲ್ಲಿದೆ? ನಮ್ ಸ್ಟೇಡಿಯಂ ಬೀಗ, ಜಿಮ್ ಬೀಗ, ಹೈಸ್ಕೂಲ್ ಗ್ರೌಂಡ್‌ಗೂ ಬೀಗ. ಒಬ್ಬ ಗ್ಯಾರೇಜ್ ಗೋಡೆಗೆ ಹಾಸಿಗೆ ಒರಗಿಸಿ ಅದಕ್ಕೆ ಎಸೀತಿದ್ದ. ಇನ್ನೊಬ್ಬಂಗೆ ಅವನ ಹೆಂಡ್ತಿನೇ ಕ್ಯಾಚರ್, ಕಾಲೇಜಲ್ಲಿ ಸಾಫ್ಟ್‌ಬಾಲ್ ಆಡಿದ್ಳಂತೆ, ಆದ್ರೂ 150 ಕಿಲೋಮೀಟರ್ ಬಾಲ್ ಹಿಡಿಯೋಕೆ ನಾನು ಬೇಡ ಅಂದೆ. ಒಬ್ಬ ಪುಣ್ಯಾತ್ಮ ತೋಟದಲ್ಲಿ ಟ್ರ್ಯಾಕ್ಟರ್ ತಂದು ಅಳತೆಗೆ ಸರಿಯಾಗಿ ದಿಬ್ಬಾನೇ ಕಟ್ಟಿಸ್ಕೊಂಡ.

ಎಸೆಯೋದಕ್ಕಿಂತ ಮುಖ್ಯ ಮಧ್ಯದಲ್ಲಿ ಕೂರೋದು, ಇದು ಹೊರಗಿನೋರಿಗೆ ಗೊತ್ತಾಗಲ್ಲ. ಪಂದ್ಯದಲ್ಲಿ ಪಿಚರ್ ಹದಿನೈದು ಬಾಲ್ ಎಸೆದು ಬಂದು ಬೆಂಚ್ ಮೇಲೆ ಹತ್ತು ಹದಿನೈದು ನಿಮಿಷ ಕೂರ್ತಾನೆ, ಕೈ ತಣ್ಣಗಾಗುತ್ತೆ, ಮತ್ತೆ ಎದ್ದು ಎಸೀಬೇಕು. ಆ ತಣ್ಣಗಾಗಿ ಬಿಸಿಯಾಗೋದನ್ನೂ ಅಭ್ಯಾಸ ಮಾಡಿಸ್ಬೇಕು. ಇದಕ್ಕೆ ಅಪ್-ಡೌನ್ ಅಂತೀವಿ. ಸುಮ್ನೆ 30 ಬಾಲ್ ಒಂದೇ ಉಸಿರಿಗೆ ಎಸೆಯೋದೂ, 15 ಎಸೆದು ಕೂತು ಮತ್ತೆ 15 ಎಸೆಯೋದೂ ಎರಡೂ ಒಂದಲ್ಲ. ಮನೇಲಿ ಒಬ್ನೇ ಇರೋ ಹುಡುಗ ಕೂರಲ್ಲ, ಬೋರಾಗುತ್ತೆ, ಬೇಗ ಮುಗಿಸಿ ಒಳಗೆ ಹೋಗ್ಬಿಡ್ತಾನೆ. ಅದಕ್ಕೆ ನಾನು ಫೋನಲ್ಲಿ ಹನ್ನೆರಡು ನಿಮಿಷದ ಟೈಮರ್ ಇಡಿ, ಕಾರಲ್ಲಿ ಹೋಗಿ ಕೂತ್ಕೊಳ್ಳಿ, ಟೈಮರ್ ಹೊಡ್ಕೊಂಡ ಮೇಲೆ ಇಳೀರಿ ಅಂತ ಬರೆದು ಕಳ್ಸಿದೆ. ಕೆಲವ್ರು ಕಾರಲ್ಲಿ ಕೂತು ನಂಗೇ ಫೋನ್ ಮಾಡೋರು. ಆ ಹನ್ನೆರಡು ನಿಮಿಷದ ಮಾತುಕತೆಯಲ್ಲಿ ನಾನು ಮೂರು ವರ್ಷದಲ್ಲಿ ತಿಳ್ಕೊಳ್ದೇ ಇದ್ದಿದ್ದೆಲ್ಲ ತಿಳ್ಕೊಂಡೆ, ಯಾರಿಗೆ ಮಗು ಆಗೋದಿದೆ, ಯಾರ ತಂದೆಗೆ ಶುಗರ್ ಇದೆ, ಯಾರು ಆಡಬೇಕಾ ಬೇಡ್ವಾ ಅಂತ ಒಳಗೊಳಗೇ ಯೋಚಿಸ್ತಿದ್ದಾರೆ ಅಂತ.

ಏಪ್ರಿಲಲ್ಲಿ ತೈವಾನ್ ಲೀಗ್ ಶುರು ಆಯ್ತು, ಮೇ 5ಕ್ಕೆ ಕೊರಿಯಾದ್ದು. ನಮ್ಮಲ್ಲಿ ರಾತ್ರಿ ಹೊತ್ತು, ಟಿವಿಯಲ್ಲಿ ಇಎಸ್‌ಪಿಎನ್‌ನೋರೇ ಹಾಕ್ತಿದ್ರು, ಬೇರೆ ಆಟ ಏನೂ ಇಲ್ವಲ್ಲ. ಎನ್‌ಸಿ ಡೈನೋಸ್ ಅನ್ನೋ ಟೀಮ್‌ಗೆ ನಾರ್ತ್ ಕರೋಲಿನಾದ ಜನ ಸುಮ್ನೆ ಹೆಸರಿನ ಎನ್‌ಸಿ ನೋಡ್ಕೊಂಡು ಅಭಿಮಾನಿಗಳಾಗ್ಬಿಟ್ರು, ಆ ವರ್ಷ ಚಾಂಪಿಯನ್ ಆಗಿದ್ದೂ ಅವ್ರೇ ಅನ್ನೋದು ಬೇರೆ ಮಾತು. ನಾನು ನೋಡ್ತಿದ್ದಿದ್ದು ಅವರ ಸ್ಟಾರ್ಟರ್‌ಗಳು ಮೊದಲನೇ ವಾರ ಎಷ್ಟು ಬಾಲ್‌ಗೆ ಹೊರಗೆ ಹೋಗ್ತಾರೆ ಅಂತ. ಆದ್ರೆ ಅವರು ಮಾರ್ಚ್ ಏಪ್ರಿಲ್ ಪೂರ್ತಿ ಒಟ್ಟಿಗೇ ಇದ್ದು ತಮ್ಮತಮ್ಮಲ್ಲೇ ಪಂದ್ಯ ಆಡ್ಕೊಂಡಿದ್ರು, ಏಪ್ರಿಲ್ ಕೊನೇಲಿ ಬೇರೆ ಟೀಮ್ ಜೊತೆ ಅಭ್ಯಾಸ ಪಂದ್ಯಾನೂ ಆಡಿದ್ರು. ನಮ್ಮೋರು ಗ್ಯಾರೇಜಲ್ಲಿ ಹಾಸಿಗೆಗೆ ಎಸೀತಿದ್ದಾರೆ. ಹೋಲಿಕೆನೇ ತಪ್ಪು ಅಂತ ಎರಡು ವಾರ ಆದ್ಮೇಲೆ ಬಿಟ್ಟೆ.

ನಂಗೆ ಹೆಚ್ಚು ಉಪಯೋಗ ಆಗಿದ್ದು ಕ್ರಿಕೆಟ್. ಮೇ ಕೊನೇಲಿ ಐಸಿಸಿ ಒಂದು ಮಾರ್ಗಸೂಚಿ ಬಿಟ್ಟಿತ್ತು, ಲಾಕ್‌ಡೌನ್ ಆದ್ಮೇಲೆ ಬೌಲರ್‌ಗಳನ್ನ ವಾಪಸ್ ತರೋದು ಹೆಂಗೆ ಅಂತ: ಟೆಸ್ಟ್‌ಗೆ 8 ರಿಂದ 12 ವಾರ ತಯಾರಿ ಬೇಕು, ಅದ್ರಲ್ಲಿ ಕೊನೆಯ 4-5 ವಾರ ಪಂದ್ಯದ ಜೋರಲ್ಲೇ ಬೌಲ್ ಮಾಡ್ಬೇಕು, ಟಿ20ಗೆ 5-6 ವಾರ ಅಂತ. ಅದನ್ನ ಪ್ರಿಂಟ್ ತೆಗೆದು ಪಿಚಿಂಗ್ ಕೋಚ್‌ಗೆ ಕಳ್ಸಿದೆ. ಅವ್ರಿಗೆ ಓವರ್ ಅಂದ್ರೆ ಏನು ಅಂತಲೇ ಗೊತ್ತಿಲ್ಲ, ಟೆಕ್ಸಸ್ ಮನುಷ್ಯ, ಆದ್ರೂ ಪೂರ್ತಿ ಓದಿ ಫೋನ್ ಮಾಡಿದ್ರು, "ನಮ್ಗೆ ಇವರು ಮೂರು ವಾರ ಕೊಟ್ರೆ ಏನಪ್ಪಾ ಮಾಡೋದು" ಅಂದ್ರು. ಅವ್ರು ಊಹಿಸಿದ್ದು ಕರೆಕ್ಟಾಗಿ ಅಷ್ಟೇ ಆಯ್ತು. ಅದೇ ಹೊತ್ತಿಗೆ ಬಾಲ್‌ಗೆ ಎಂಜಲು ಹಚ್ಚೋದು ಬೇಡ ಅಂತ ಅನಿಲ್ ಕುಂಬ್ಳೆ ನೇತೃತ್ವದ ಕಮಿಟಿ ಶಿಫಾರಸು ಮಾಡಿತ್ತು, ನಮ್ ಕೋಚ್ "ಇದ್ಯಾರು" ಅಂದಾಗ ನಂಗೆ ಎದೆ ಉಬ್ಬಿ "ನಮ್ಮೂರೋರು" ಅಂದೆ. ಬೆಂಗಳೂರು ಮೈಸೂರು ವ್ಯತ್ಯಾಸ ಅವ್ರಿಗೇನು ಗೊತ್ತಾಗ್ಬೇಕು.

ಮೇ ಜೂನ್ ಎರಡು ತಿಂಗಳು ಓನರ್‌ಗಳಿಗೂ ಆಟಗಾರರ ಯೂನಿಯನ್‌ಗೂ ಜಗಳ. ಸಂಬಳ ಎಷ್ಟು, ಪಂದ್ಯ ಎಷ್ಟು. ಓನರ್‌ಗಳು 82 ಪಂದ್ಯ ಅಂದ್ರು, ಇವರು 114 ಅಂದ್ರು, ಅವರು 76, ಇವರು 89, ಅವರು 72. ಪೇಪರಲ್ಲಿ ಓದೋರಿಗೆ ಅದು ದುಡ್ಡಿನ ಜಗಳ. ನಂಗೆ ಮಾತ್ರ ಪ್ರತಿ ನಂಬರ್‌ಗೂ ಒಂದೊಂದು ಬೇರೆ ಓಪನಿಂಗ್ ಡೇ. 114 ಅಂದ್ರೆ ಜೂನ್ ಕೊನೆಗೇ ಶುರು ಆಗ್ಬೇಕು, ಇವತ್ತೇ ಏರಿಸೋಕೆ ಶುರು ಮಾಡ್ಬೇಕು. 60 ಚಿಲ್ರೆ ಅಂದ್ರೆ ಇನ್ನೂ ಒಂದು ತಿಂಗಳು ತಡ. ಒಂದೊಂದು ಪ್ರಪೋಸಲ್ ಬಂದಾಗಲೂ ಹುಡುಗ್ರಿಂದ ಮೆಸೇಜು, "ಏರಿಸ್ಲಾ?" ಅಂತ. "ಬೇಡ, ಅಲ್ಲೇ ಇರು" ಅಂತ ನಾನು. ನಮ್ಮಜ್ಜಿ ಅರಕಲಗೂಡಿನ ಮನೇಲಿ ರಾತ್ರಿ ಒಲೆ ಕೆಂಡಕ್ಕೆ ಬೂದಿ ಮುಚ್ಚಿ ಮಲಗ್ತಿದ್ಳು, ಬೆಳಿಗ್ಗೆ ಬೂದಿ ಸರಿಸಿ ಎರಡು ಸಲ ಊದಿದ್ರೆ ಉರಿ. ಆ ಎರಡು ತಿಂಗಳು ನಾನು ಮಾಡಿದ್ದು ಬೂದಿ ಮುಚ್ಚೋ ಕೆಲಸಾನೇ. ಆದ್ರೆ ಅಜ್ಜಿಗೆ ಬೆಳಿಗ್ಗೆ ಯಾವಾಗ ಆಗುತ್ತೆ ಅಂತ ಗೊತ್ತಿತ್ತು.

ಜೂನ್ ಮಧ್ಯದಲ್ಲಿ ಯೂನಿಯನ್ ಮುಖ್ಯಸ್ಥ ಟೋನಿ ಕ್ಲಾರ್ಕ್ ಇನ್ನು ಮಾತುಕತೆ ಸಾಕು, ಯಾವಾಗ ಎಲ್ಲಿಗೆ ಬರ್ಬೇಕು ಹೇಳಿ ಅನ್ನೋ ಅರ್ಥದಲ್ಲಿ ಹೇಳಿಕೆ ಕೊಟ್ರು, ಆಟಗಾರರೆಲ್ಲ ಅದನ್ನೇ ಟ್ವಿಟರಲ್ಲಿ ಹಾಕಿದ್ರು. ನಾನೂ ಮನಸ್ಸಲ್ಲೇ ಹಾಕ್ದೆ. ಕೊನೆಗೆ ಜೂನ್ 22-23ಕ್ಕೆ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 60 ಪಂದ್ಯ ಅಂತ ಘೋಷಿಸಿದ್ರು. ಜುಲೈ 1ಕ್ಕೆ ಎಲ್ರೂ ಬರ್ಬೇಕು, ಜುಲೈ 23-24ಕ್ಕೆ ಪಂದ್ಯ. ರಾತ್ರಿ ಹನ್ನೊಂದು ಗಂಟೆಗೆ ಶೀಟ್ ತೆಗೆದು ಡಬ್ಬಿಯಲ್ಲಿ ಜುಲೈ 24 ಅಂತ ಹಾಕಿದೆ. ಇಡೀ ಶೀಟ್ ಕೆಂಪಾಯ್ತು. ಹಿಂದಕ್ಕೆ ಎಣಿಸಿದ್ರೆ ಕ್ಯಾಂಪಲ್ಲಿ ಒಬ್ಬ ಸ್ಟಾರ್ಟರ್‌ಗೆ ಸಿಗೋದು ನಾಲ್ಕು ಸರದಿ. ಕೊನೇ ಸರದಿ 85 ಆಗ್ಬೇಕು ಅಂದ್ರೆ ಮೊದಲನೇದೇ 45 ಇರ್ಬೇಕು, ನಮ್ಮೋರು ಇರೋದು 30ರಲ್ಲಿ. ಹೆಂಡ್ತಿ ಬಂದು ನೋಡಿ "ಏನ್ರೀ ಇದು, ಕುಂಕುಮ ಚೆಲ್ಲಿದಂಗಿದೆ" ಅಂದ್ಳು.

ಆ ರಾತ್ರಿನೇ ಎಲ್ರಿಗೂ ಮೆಸೇಜ್ ಹಾಕಿದೆ, ಎಂಟು ಹತ್ತು ದಿನ ಇದೆ, ಎರಡು ಸರದಿ ಎಸೀಬೇಕು, 38 ಒಂದ್ಸಲ, 45 ಒಂದ್ಸಲ, ಸಾಧ್ಯ ಆದ್ರೆ ಬ್ಯಾಟರ್ ನಿಲ್ಸಿ ಎಸೀರಿ ಅಂತ. ಬ್ಯಾಟರ್ ಯಾಕೆ ಅಂದ್ರೆ ಬರೀ ಕ್ಯಾಚರ್‌ಗೆ ಎಸೆಯೋವಾಗ ಯಾರೂ ಪೂರ್ತಿ ಜೋರು ಹಾಕಲ್ಲ, ಎದುರಿಗೆ ಒಬ್ಬ ಬ್ಯಾಟ್ ಹಿಡ್ಕೊಂಡು ನಿಂತ ತಕ್ಷಣ ಎರಡು ಮೂರು ಮೈಲಿ ಸ್ಪೀಡು ತಾನಾಗೇ ಏರುತ್ತೆ, ಆ ಎರಡು ಮೂರು ಮೈಲಿಲೇ ಮೊಣಕೈಗೆ ನೋವಾಗೋದು.

ಕ್ಯಾಂಪ್‌ಗೆ ಸಮ್ಮರ್ ಕ್ಯಾಂಪ್ ಅಂತ ಹೆಸರಿಟ್ಟಿದ್ರು, ಮಕ್ಕಳ ಬೇಸಿಗೆ ಶಿಬಿರದ ಥರ. ನಡೆದಿದ್ದು ಅರಿಜೋನಾದಲ್ಲಲ್ಲ, ಟೀಮಿನ ಸ್ವಂತ ಸ್ಟೇಡಿಯಂನಲ್ಲೇ. ಒಟ್ಟು 60 ಆಟಗಾರರ ಪಟ್ಟಿ, ಅದ್ರಲ್ಲಿ ಸೀಸನ್ ಶುರುವಿಗೆ 30 ಜನ ಮುಖ್ಯ ಟೀಮು, ಉಳಿದೋರು ಬೇರೆ ಜಾಗದಲ್ಲಿ ಅಭ್ಯಾಸ. ಮೈನರ್ ಲೀಗ್, ಅಂದ್ರೆ ಮೇಜರ್ ಲೀಗ್‌ಗೆ ಹುಡುಗ್ರು ತಯಾರಾಗೋ ಕೆಳಗಿನ ಲೀಗ್, ಅದ್ರ ಸೀಸನ್ನೇ ಇಲ್ಲ ಅಂತ ಜೂನ್ 30ಕ್ಕೆ ಹೇಳಿದ್ರು, ಸಾವಿರಾರು ಹುಡುಗ್ರಿಗೆ ಒಂದು ಪೂರ್ತಿ ವರ್ಷ ಹೋಯ್ತು, ಆಟಗಾರರ ಆಯ್ಕೆಯ ಡ್ರಾಫ್ಟೂ 40 ಸುತ್ತಿಂದ 5ಕ್ಕೆ ಇಳೀತು. ಅವತ್ತು ನಂಗೆ ಗೊತ್ತಿದ್ದ ಎಷ್ಟೋ ಹುಡುಗ್ರಿಗೆ ಏನ್ ಮೆಸೇಜ್ ಮಾಡ್ಬೇಕು ಅಂತಾನೇ ತಿಳೀಲಿಲ್ಲ.

ನಿಯಮದ ಪುಸ್ತಕ ನೂರು ಪುಟದ ಮೇಲಿತ್ತು. ಉಗುಳಂಗಿಲ್ಲ, ಸೂರ್ಯಕಾಂತಿ ಬೀಜ ಇಲ್ಲ, ತಂಬಾಕು ಇಲ್ಲ, ಕೈಗೆ ಕೈ ತಟ್ಟಂಗಿಲ್ಲ. ಬೇಸ್‌ಬಾಲ್ ನೋಡಿರೋರಿಗೆ ಗೊತ್ತು, ಇವರು ಉಗುಳೋದ್ರಲ್ಲಿ ನಮ್ ಎಲೆಅಡಿಕೆ ಹಾಕೋರನ್ನೂ ಮೀರಿಸ್ತಾರೆ. ಪಿಚರ್‌ಗಳು ಬೆರಳು ನೆಕ್ಕಿ ಬಾಲ್ ಹಿಡಿಯೋ ಅಭ್ಯಾಸ, ಅದೂ ಬಂದ್, ಬದ್ಲಿಗೆ ಹಿಂದಿನ ಜೇಬಲ್ಲಿ ಒಂದು ಒದ್ದೆ ಬಟ್ಟೆ ಇಟ್ಕೋಬಹುದು. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಬೆರಳಿನ ತೇವ ಬದ್ಲಾದ್ರೆ ಹಿಡಿತ ಬದ್ಲಾಗುತ್ತೆ, ಹಿಡಿತ ಬದ್ಲಾದ್ರೆ ಮುಂಗೈ ಬಿಗಿ ಹಿಡೀತಾರೆ. ಅದಕ್ಕೆ ಆ ಬಟ್ಟೆ ಪ್ರಾಕ್ಟೀಸನ್ನ ಮೊದಲನೇ ದಿನದಿಂದ ಮಾಡ್ಸಿದ್ವಿ. ಫೀಲ್ಡಲ್ಲಿ ಉಗುಳಬೇಡಿ ಅಂತಾರೆ, ಆದ್ರೆ ದಿನ ಬಿಟ್ಟು ದಿನ ಬೆಳಿಗ್ಗೆ ಟೆಸ್ಟ್ ಟ್ಯೂಬ್‌ಗೆ ಗೆರೆವರೆಗೂ ಉಗುಳಲೇಬೇಕು, ಅರ್ಧ ಗಂಟೆ ಮುಂಚೆಯಿಂದ ನೀರೂ ಕುಡಿಯಂಗಿಲ್ಲ, ಅರಿಜೋನಾ ಹುಡುಗ ಒಬ್ಬ "ಬಾಯಲ್ಲಿ ಮರಳುಗಾಡು" ಅಂತ ಗೊಣಗ್ತಿದ್ದ.

ಮೊದಲನೇ ವಾರವೇ ಎಡವಟ್ಟು. ಜುಲೈ 4 ಇಲ್ಲಿ ಸ್ವಾತಂತ್ರ್ಯ ದಿನ, ರಜಾ, ಟೆಸ್ಟ್ ಸ್ಯಾಂಪಲ್‌ಗಳು ಸಾಗೋದು ತಡ ಆಗಿ ಹಲವು ಟೀಮ್‌ಗಳಿಗೆ ರಿಸಲ್ಟ್ ಬರ್ಲಿಲ್ಲ, ಕೆಲವರು ಪ್ರಾಕ್ಟೀಸ್ ಕ್ಯಾನ್ಸಲ್ ಮಾಡಿದ್ರು. ನಮ್ಗೂ ಒಂದು ದಿನ ಹೋಯ್ತು. ಒಂದು ದಿನ ತಾನೇ ಅನ್ಬಹುದು, ಆದ್ರೆ ನಾಲ್ಕೇ ಸರದಿ ಇರೋ ಕಡೆ ಒಂದು ದಿನ ಸರಿದ್ರೆ ಐದೂ ಸ್ಟಾರ್ಟರ್‌ಗಳ ಲೆಕ್ಕ ಸರಿಯುತ್ತೆ. ರಾತ್ರಿ ಎರಡು ಗಂಟೆವರೆಗೂ ಕೂತು ಮತ್ತೆ ಹೊಂದಿಸಿದೆ.

ಸ್ಟೇಡಿಯಂ ಒಳಗಿನ ಚಿತ್ರ ಈಗ್ಲೂ ಕಣ್ಣಲ್ಲಿದೆ. ಡ್ರೆಸ್ಸಿಂಗ್ ರೂಮಲ್ಲಿ ಎಲ್ರೂ ಒಟ್ಟಿಗೆ ಇರಂಗಿಲ್ಲ ಅಂತ ಶ್ರೀಮಂತರು ದುಡ್ಡು ಕೊಟ್ಟು ಕೂರೋ ಖಾಸಗಿ ಬಾಕ್ಸ್‌ಗಳನ್ನೇ ಬಟ್ಟೆ ಬದಲಾಯಿಸೋ ರೂಮ್ ಮಾಡಿದ್ರು. ಜನ ಹಾಟ್ ಡಾಗ್ ತಗೊಳ್ಳೋ ಜಾಗದಲ್ಲಿ ಭಾರ ಎತ್ತೋ ಕಬ್ಬಿಣ. ಎರಡು ಬ್ಯಾಚು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಊಟ ಡಬ್ಬಿಯಲ್ಲಿ. ಮೇಲೆ ಹೊಸದಾಗಿ ಹಾಕಿದ ಹಾಕ್-ಐ ಕ್ಯಾಮೆರಾಗಳು, ಹನ್ನೆರಡು. ಹೌದು, ನಾವು ಎಲ್‌ಬಿಡಬ್ಲ್ಯೂ ರಿವ್ಯೂನಲ್ಲಿ ನೋಡೋ ಅದೇ ಹಾಕ್-ಐ, 2020ರಿಂದ ಎಲ್ಲಾ ಮೇಜರ್ ಲೀಗ್ ಸ್ಟೇಡಿಯಂಗೂ ಬಂತು. ನಂಗೆ ಮಾತ್ರ ಹಬ್ಬ. ಪಿಚರ್ ಕೈ ಯಾವ ಎತ್ತರದಲ್ಲಿ ಬಾಲ್ ಬಿಡ್ತು ಅಂತ ನೋಡಬಹುದು, 40ನೇ ಬಾಲ್‌ಗೆ ಕೈ ಎರಡು ಇಂಚು ಕೆಳಗಿಳಿದಿದ್ರೆ ಅವನು ಸುಸ್ತಾಗಿದ್ದಾನೆ ಅಂತ, ಬಾಯಲ್ಲಿ ಏನೇ ಹೇಳ್ಲಿ.

ಬಾಯಲ್ಲಿ ಹೇಳೋದ್ರ ಕಥೆಗೆ ಬರ್ತೀನಿ. ನಮ್ ಒಬ್ಬ ಹಿರಿಯ ಸ್ಟಾರ್ಟರ್ ಮನೆಯಿಂದ ಪ್ರತಿ ವಾರ "60 ಬಾಲ್, ಚೆನ್ನಾಗಿದೆ" ಅಂತ ಬರೀತಿದ್ದ. ಬಂದು ಮೊದಲನೇ ಸರದಿಯಲ್ಲಿ ಎರಡನೇ ಇನ್ನಿಂಗ್ಸ್‌ಗೇ ಏದುಸಿರು. ವಿಚಾರಿಸಿದ್ರೆ 60 ನಿಜ, ಆದ್ರೆ ಎಲ್ಲ ನೆಟ್‌ಗೆ, ಮುಕ್ಕಾಲು ಜೋರಲ್ಲಿ, ಮಧ್ಯದಲ್ಲಿ ಕೂತಿದ್ದೇ ಇಲ್ಲ. ಅದನ್ನ ಸರಿ ಮಾಡಿದ್ವಿ, ಅವನ ಜೊತೆ ಇನ್ನೊಬ್ಬ ಪಿಚರ್‌ನ ಜೋಡಿ ಹಾಕಿ ಮೂರು ಇನ್ನಿಂಗ್ಸ್ ಅವನು, ಮೂರು ಇವನು ಅಂತ ಹಂಚಿದ್ವಿ. 30 ಜನರ ಟೀಮ್ ಇದ್ದಿದ್ರಿಂದ ಅದು ಸಾಧ್ಯ ಆಯ್ತು.

ನನ್ನ ತಪ್ಪು ಬೇರೆ. ಡೊಮಿನಿಕನ್ ಹುಡುಗ, 24 ವರ್ಷ, ರಿಲೀವರ್. ಮನೆಯಿಂದ ಕಳಿಸ್ತಿದ್ದ ಫಾರ್ಮಲ್ಲಿ ವಾರಕ್ಕೆ 30, 30, ಅಚ್ಚುಕಟ್ಟು. ಕ್ಯಾಂಪ್‌ಗೆ ಬಂದಾಗ ಮೊದಲನೇ ದಿನವೇ 97 ಮೈಲಿ ಸ್ಪೀಡು, ಅಂದ್ರೆ 156 ಕಿಲೋಮೀಟರ್. ನಂಗೆ ಖುಷಿಯೋ ಖುಷಿ, ನೋಡಿ ಕಮ್ಮಿ ಎಸೆದು ಎಷ್ಟು ಫ್ರೆಶ್ ಆಗಿದ್ದಾನೆ ಅಂತ ಶೀಟಲ್ಲಿ ಹಸಿರು ಹಾಕಿದೆ, ಇವನಿಗೆ ಇನ್ನೂ ಏರಿಸ್ಬಹುದು, ಎರಡು ದಿನ ಸತತ ಎಸೆಸ್ಬಹುದು ಅಂತ ಕೋಚ್‌ಗೆ ಹೇಳಿದೆ. ಅವ್ರು ಒಂದ್ಸಲ "ಪಕ್ಕಾನಾ?" ಅಂತ ಕೇಳಿದ್ರು. ಪಕ್ಕಾ ಅಂದೆ.

ಜುಲೈ 24ಕ್ಕೆ ಸೀಸನ್ ಶುರು. ಖಾಲಿ ಸ್ಟೇಡಿಯಂ, ಸ್ಪೀಕರಲ್ಲಿ ವಿಡಿಯೋ ಗೇಮಿಂದ ತಗೊಂಡ ಜನರ ಗದ್ದಲ, ಸೀಟಲ್ಲಿ ರಟ್ಟಿನ ಮನುಷ್ಯರು. ಹಿಂದಿನ ದಿನ ವಾಷಿಂಗ್ಟನ್‌ನಲ್ಲಿ ಸರ್ಕಾರದ ಸಾಂಕ್ರಾಮಿಕ ರೋಗ ತಜ್ಞ ಡಾಕ್ಟರ್ ಫೌಚಿ ಸಂಪ್ರದಾಯದ ಮೊದಲನೇ ಬಾಲ್ ಎಸೆದಿದ್ರು, ಅದು ಎಲ್ಲಿಗೋ ಹೋಯ್ತು, ನಮ್ ಹುಡುಗ್ರು "ಅವರಿಗೂ ಕ್ಯಾಂಪ್ ಸಾಲ್ದಾಯ್ತು" ಅಂತ ನಕ್ಕಿದ್ರು. ನಗು ಜಾಸ್ತಿ ದಿನ ಇರ್ಲಿಲ್ಲ. ಮೊದಲ ಹತ್ತು ಹನ್ನೆರಡು ದಿನದಲ್ಲೇ ಬೇರೆ ಟೀಮ್‌ಗಳ ದೊಡ್ಡ ದೊಡ್ಡ ಪಿಚರ್‌ಗಳ ಸುದ್ದಿ, ವರ್ಲ್ಯಾಂಡರ್ ಒಂದೇ ಪಂದ್ಯ ಆಡಿ ಹೊರಗೆ, ಕ್ಲೂಬರ್ ಒಂದೇ ಇನ್ನಿಂಗ್ಸ್, ಒಹ್ತಾನಿ ಎರಡು ಪಂದ್ಯ ಪಿಚ್ ಮಾಡಿ ನಿಲ್ಲಿಸಿದ್ರು. ಪ್ರತಿ ಸುದ್ದಿಗೂ ನಾನು ನನ್ನ ಶೀಟ್ ತೆಗೆದು ನೋಡೋದು, ಕಣ್ಣಿಗೆ ಕಾಣ್ದೆ ಇರೋ ಕೆಂಪು ಎಲ್ಲಾದ್ರೂ ಇದೆಯಾ ಅಂತ.

ಆಗಸ್ಟ್ ಮಧ್ಯದಲ್ಲಿ ಆ ಹುಡುಗ ಎಂಟನೇ ಇನ್ನಿಂಗ್ಸಲ್ಲಿ ಒಂದು ಬಾಲ್ ಎಸೆದು ಮುಂಗೈ ಹಿಡ್ಕೊಂಡ. ಹಾಕ್-ಐ ಎಲ್ಲ ಬೇಕಿರ್ಲಿಲ್ಲ, ಟಿವಿಯಲ್ಲೇ ಕಾಣ್ತಿತ್ತು. ಸ್ಕ್ಯಾನಲ್ಲಿ ಲಿಗಮೆಂಟ್ ಸರಿಯಾಗಿದೆ, ಮಾಂಸಖಂಡ ಎಳೆದಿದೆ ಅಂತ ಬಂತು, ದೇವರು ದೊಡ್ಡೋನು. ಆದ್ರೂ 60 ದಿನದ ಚಿಲ್ರೆ ಸೀಸನ್‌ನಲ್ಲಿ ಮೂರು ವಾರ ಹೋಯ್ತು. ನಾಲ್ಕು ದಿನ ಆದ್ಮೇಲೆ ಮಾಸ್ಕ್ ಹಾಕ್ಕೊಂಡು ಆರಡಿ ದೂರ ಕೂತು ಟ್ರಾನ್ಸ್‌ಲೇಟರ್ ಇಟ್ಕೊಂಡು ಕೇಳಿದೆ, ಊರಲ್ಲಿ ಇರೋವಾಗ ನಿಜವಾಗಿ ಏನೇನ್ ಎಸೀತಿದ್ದೆ ಹೇಳು ಅಂತ. ಅವನು ಆರಾಮಾಗಿ ಹೇಳಿದ. ಬೆಳಿಗ್ಗೆ ನಿಮ್ 30 ಬಾಲ್. ಸಂಜೆ ತಮ್ಮಂದಿರು, ಅವರ ಫ್ರೆಂಡ್ಸು, ಬ್ಯಾಟಿಂಗ್ ಪ್ರಾಕ್ಟೀಸ್ ಬೇಕು ಅಂತ ಬರ್ತಿದ್ರು, ಅವ್ರಿಗೆ ನಲ್ವತ್ತು ಐವತ್ತು. ದಿನಾ. ಅವರಲ್ಲಿ ಒಬ್ಬ ಚೆನ್ನಾಗಿ ಹೊಡೀತಾನೆ, ಅವನಿಗೆ ಮಾತ್ರ ಪೂರ್ತಿ ಜೋರಾಗಿ.

"ಫಾರ್ಮಲ್ಲಿ ಯಾಕೆ ಬರೀಲಿಲ್ಲ?"

"ಫಾರ್ಮಲ್ಲಿ ಬುಲ್‌ಪೆನ್ ಅಂತ ಇತ್ತಲ್ಲ. ಅದು ಬುಲ್‌ಪೆನ್ ಅಲ್ಲ."

ಬುಲ್‌ಪೆನ್ ಅಂದ್ರೆ ಕ್ಯಾಚರ್‌ಗೆ ಎಸೆಯೋ ಅಭ್ಯಾಸ, ಅದು ನಡೆಯೋ ಜಾಗಕ್ಕೂ ಅದೇ ಹೆಸರು. ಅವನು ಹೇಳಿದ್ದು ಅಕ್ಷರಶಃ ಸರಿ. ಮೂರು ತಿಂಗಳಿಂದ ಬಿಡುವಿಲ್ದೇ ಎಸೀತಿದ್ದೋನನ್ನ ನಾನು ಫ್ರೆಶ್ ಅಂದ್ಕೊಂಡು ಇನ್ನೂ ಏರಿಸಿದ್ದೆ. ಪಂದ್ಯದ ದಿನವೂ ನಾವು ಟಿವಿಯಲ್ಲಿ ತೋರಿಸೋ ಬಾಲನ್ನ ಮಾತ್ರ ಎಣಿಸ್ತಿದ್ವಿ, ಮುಂಚೆ ವಾರ್ಮಪ್‌ನ ಮೂವತ್ತು ನಲ್ವತ್ತು, ಪ್ರತಿ ಇನ್ನಿಂಗ್ಸ್ ಮಧ್ಯೆ ಐದಾರು, ರಿಲೀವರ್ ಆದ್ರೆ ಕರೀತಾರೇನೋ ಅಂತ ಎದ್ದು ಎಸೆದು ಕರೀದೇ ಕೂತ್ಕೊಂಡಿದ್ದು, ಇದನ್ನೆಲ್ಲ ನೆನಪಲ್ಲಿ ಇಡ್ತಿದ್ವಿ ಅಷ್ಟೇ, ಬರೆದಿಡ್ತಿರ್ಲಿಲ್ಲ. ಕೋಚ್ ಹತ್ರ ಹೋಗಿ ಪಕ್ಕಾ ಅಂದಿದ್ದು ನನ್ನ ತಪ್ಪು ಅಂದೆ. ಅವ್ರು ಬೈಲಿಲ್ಲ, "ಹಾಗಾದ್ರೆ ಇವತ್ತಿಂದ ಎಲ್ಲ ಎಣಿಸು" ಅಂದ್ರು. ಬೈದಿದ್ರೆ ಸುಲಭ ಇತ್ತು.

ಎಲ್ಲ ಎಣಿಸೋದು ಅಂದ್ರೆ ಒಬ್ಬ ಇಂಟರ್ನ್ ಬುಲ್‌ಪೆನ್ ಹತ್ರ ಕ್ಲಿಕ್ಕರ್ ಹಿಡ್ಕೊಂಡು ನಿಂತ, ಬಸ್ ಕಂಡಕ್ಟರ್ ಥರ. ಮೊದಲನೇ ವಾರದ ಲೆಕ್ಕ ನೋಡಿ ನಂಗೇ ಗಾಬರಿ, ಕೆಲವು ರಿಲೀವರ್‌ಗಳದ್ದು ಎಣಿಸಿದ್ದಕ್ಕಿಂತ ಡಬಲ್ ಮೇಲಿತ್ತು. ಎದ್ದು ಎಸೆದು ಕೂತಿದ್ದನ್ನೂ ಅರ್ಧ ಪಂದ್ಯ ಅಂತ ಲೆಕ್ಕಕ್ಕೆ ತಗೊಂಡ್ವಿ, ಮಾರನೇ ದಿನ ಅವರನ್ನ ಮುಟ್ಟಲಿಲ್ಲ. ಆಮೇಲಿನ ಐದು ವಾರದಲ್ಲಿ ನಮ್ಮಲ್ಲಿ ಕೈ ನೋವು ಅಂತ ಯಾರೂ ಹೊರಗೆ ಹೋಗ್ಲಿಲ್ಲ. ಎಣಿಸಿದ್ದಕ್ಕೇ ಹಂಗಾಯ್ತು ಅಂತ ನಾನು ಹೇಳಲ್ಲ, ಅದೃಷ್ಟಾನೂ ಇರ್ಬಹುದು.

ಸೆಪ್ಟೆಂಬರ್ 27ಕ್ಕೆ ಸೀಸನ್ ಮುಗೀತು. ಆ ಹುಡುಗ ಕೊನೆಯ ವಾರ ಎರಡು ಸಲ ಎಸೆದ, 96 ಮೈಲಿ, ನೋವಿಲ್ಲ. ಹೋಗೋವಾಗ ಮುಂದಿನ ಸೀಸನ್ ಯಾವತ್ತು ಅಂತ ಕೇಳಿದ, ಏಪ್ರಿಲ್ 1 ಅಂತ ಹೇಳಿದೆ, ಡಬ್ಬಿಯಲ್ಲೂ ಅದನ್ನೇ ಹಾಕಿದೆ. ಫಾರ್ಮಲ್ಲಿ ಬುಲ್‌ಪೆನ್ ಅನ್ನೋ ಪದ ತೆಗೆದು "ಇವತ್ತು ಕೈಯಿಂದ ಎಸೆದಿದ್ದೆಲ್ಲ" ಅಂತ ಸ್ಪ್ಯಾನಿಷಲ್ಲಿ ಬರೆಸಿ ಕೊಟ್ಟೆ.

ಡಿಸೆಂಬರಲ್ಲಿ ಊರಿಂದ ಅವನ ಮೊದಲನೇ ಫಾರ್ಮ್ ಬಂತು. ಲಾಂಗ್ ಟಾಸ್ 40. ಕ್ಯಾಚರ್‌ಗೆ 20. ತಮ್ಮಂದಿರಿಗೆ 15, ಹಗುರವಾಗಿ. ಕೊನೇ ಸಾಲಲ್ಲಿ, ನಾಯಿಗೆ ಬಾಲ್ ಎಸೆದಿದ್ದು 6.

ಅದನ್ನೂ ಸೇರಿಸ್ಕೊಂಡು 81 ಅಂತ ಹಾಕಿದೆ.